ಕದ್ದ ಕಟ್ಟಿಗೆಗೆ ಹಲಿಗೆ

"ಗುರುಗಳೇ, ಕಳ್ಳನನ್ನು ತಿದ್ದುವುದು ಹೇಗೆ?" ಎಂದು ಶಿಷ್ಯ ಕೇಳಿದ.

"ಯಾವ ಕಳ್ಳನನ್ನು?" ಎಂದರು ಗುರು.

"ಯಾವನಾದರೂ ಸರಿ. ಕೆಲವರು ಅದು ಹುಟ್ಟುಗುಣ ಎನ್ನುತ್ತಾರೆ. ಕೆಲವರು ಹಸಿವು ಎನ್ನುತ್ತಾರೆ. ಹಸಿವಾದರೆ ಅನ್ನ ಹಾಕಬಹುದು. ಆದರೆ ಹೊಟ್ಟೆ ತುಂಬಿದವನೂ ಕದಿಯುತ್ತಾನಲ್ಲ, ಅವನಿಗೆ ಏನು ಹಾಕುವುದು?"

ಗುರು ನಕ್ಕರು. ಅವರಿಗೆ ಸಿಟ್ಟು ಬಂದಾಗಲೂ ಮೊದಲು ನಗುವೇ ಬರುತ್ತಿತ್ತು.

"ಹುಟ್ಟುಗುಣ ಎಂಬ ಮಾತನ್ನು ಮೊದಲು ಆಡಿದವನು ದೊಡ್ಡ ಜಾಣನಿರಬೇಕು. ಆ ಒಂದು ಮಾತು ಆಡಿದರೆ ಸಾಕು, ಉಳಿದವರು ಯಾರೂ ಏನೂ ಮಾಡಿಲ್ಲ ಎಂದಾಯಿತು. ಹೆತ್ತವಳ ಮೇಲೆ ಹಾಕಿ ಎಲ್ಲರೂ ಊಟಕ್ಕೆ ಏಳಬಹುದು. ಕೂತುಕೋ. ಹೊಟ್ಟೆ ತುಂಬಿದ ಒಬ್ಬ ಕಳ್ಳನ ಕತೆ ಹೇಳುತ್ತೇನೆ. ನಗಬೇಕೆನಿಸಿದರೆ ನಗು. ಆ ಊರಿನವರೂ ನಗುತ್ತಲೇ ಇದ್ದರು."

ಹೀಗೆಂದು ಗುರು ಕತೆ ಹೇಳಿದರು.

ಒಂದು ಊರಿತ್ತು. ಆ ಊರಿಗೆ ಎರಡು ಓಣಿ. ಹೋಳಿ ಹುಣ್ಣಿಮೆಗೆ ಮೇಲಿನ ಓಣಿಯವರು ಒಬ್ಬ ಕಾಮಣ್ಣನನ್ನು ಸುಡುತ್ತಿದ್ದರು, ಕೆಳಗಿನ ಓಣಿಯವರು ಇನ್ನೊಬ್ಬ ಕಾಮಣ್ಣನನ್ನು ಸುಡುತ್ತಿದ್ದರು. ಸುಡಲು ಕಟ್ಟಿಗೆ ಬೇಕು, ಬೆರಣಿ ಬೇಕು. ಬೆರಣಿಗೆ ಆ ಕಡೆ ಕುಳ್ಳು ಎನ್ನುತ್ತಾರೆ. ಹುಣ್ಣಿಮೆಗೆ ಮುಂಚಿನ ಐದು ದಿನ ಕಟ್ಟಿಗೆ ಕುಳ್ಳುಗಳನ್ನು ಕದ್ದು ತರಬೇಕು. ಅದು ಕಟ್ಟಳೆ. ಕೊಂಡು ತಂದದ್ದು ಸಲ್ಲದು. ಕೇಳಿ ತಂದದ್ದೂ ಸಲ್ಲದು. ಕೊಟ್ಟ ಕಟ್ಟಿಗೆಯಿಂದ ಕಾಮಣ್ಣ ಹೊತ್ತಿಕೊಳ್ಳುವುದಿಲ್ಲ ಎಂದು ಊರು ನಂಬಿತ್ತು. ಕಳೆದುಕೊಂಡವರು ಸಿಟ್ಟಾಗುವಂತಿಲ್ಲ. ಬಾಗಿಲಿಗೆ ಬಂದು, ಹೋದದ್ದನ್ನು ನೋಡಿ, ನಗಬೇಕು.

ಹೀಗೆ ನಂಬಿದವರು ದಡ್ಡರಲ್ಲ. ಯಾವ ಹೊಲಕ್ಕೆ ಯಾವ ಬೀಜ ಎಂದು ಬಲ್ಲವರು. ಆದರೆ ಒಣಗಿದ ಕಟ್ಟಿಗೆ ಯಾರ ಕೈಯಿಂದ ಬಂದರೂ ಉರಿಯುತ್ತದೆ ಎಂಬುದನ್ನು ಅಷ್ಟು ವರ್ಷಗಳಲ್ಲಿ ಒಬ್ಬನೂ ಉರಿಸಿ ನೋಡಿರಲಿಲ್ಲ.

ಕದ್ದು ತಂದವನ ಮುಂದೆ ಚರ್ಮದ ಹಲಿಗೆ ಬಡಿಯುತ್ತಿದ್ದರು. ಬಡಿಯುವವನು ಮರೆಪ್ಪ. ಅವನ ಹಲಿಗೆಯ ಸದ್ದು ಕೇಳಿದರೆ ಒಲೆಯ ಮುಂದಿನ ಹೆಂಗಸರೂ ರೊಟ್ಟಿ ಬಿಟ್ಟು ಹೊರಗೆ ಬರುತ್ತಿದ್ದರು. ಎಲ್ಲರಿಗಿಂತ ದೊಡ್ಡ ಹೊರೆ ತಂದವನನ್ನು ಹೆಗಲ ಮೇಲೆ ಕೂರಿಸಿಕೊಂಡು ಚಾವಡಿಗೆ ಒಯ್ಯುತ್ತಿದ್ದರು. ಊರ ಗೌಡನೇ ಎದ್ದು ಬಂದು ಅವನಿಗೆ ರುಮಾಲು ಸುತ್ತಿ, ಮೊದಲ ಹೋಳಿಗೆಯನ್ನು ಬಾಯಿಗೆ ಇಡುತ್ತಿದ್ದ.

ಆ ಊರಿನಲ್ಲಿ ಯಮನೂರ ಎಂಬ ಒಬ್ಬ ರೈತನಿದ್ದ. ಇನ್ನೂ ಮದುವೆಯಾಗದ ಪ್ರಾಯದವನು. ಎರಡು ಎತ್ತು, ನಾಲ್ಕು ಎಕರೆ ಎರೆಹೊಲ, ಮನೆಯಲ್ಲಿ ಮೂರು ಹೊತ್ತು ಊಟ. ಅವನು ಹೊಡೆದ ನೇಗಿಲಸಾಲು ದಾರ ಹಿಡಿದಂತೆ ನೇರವಾಗಿರುತ್ತಿತ್ತು. ಅದನ್ನು ಯಾರೂ ನೋಡಿರಲಿಲ್ಲ. ನೋಡಿದವರೂ ಹೇಳಿರಲಿಲ್ಲ. ನೇರವಾದ ಸಾಲಿಗೆ ಯಾವ ಊರಿನಲ್ಲಿ ಹಲಿಗೆ ಬಡಿಯುತ್ತಾರೆ? ಅವನು ಮಾತು ಕಡಿಮೆಯ ಮನುಷ್ಯ. ಚಾವಡಿಯಲ್ಲಿ ಕೂತರೆ ಅವನು ಬಂದದ್ದೂ ತಿಳಿಯದು, ಎದ್ದು ಹೋದದ್ದೂ ತಿಳಿಯದು.

ಒಂದು ವರ್ಷ, ಹೋಳಿಯ ಮೂರನೆಯ ದಿನ, ಅವನು ತನ್ನ ಹೊಲದ ಬದುವಿನಲ್ಲಿದ್ದ ಜಾಲಿಯ ಬೊಡ್ಡೆಯನ್ನು ಕಡಿದು ಮನೆಯ ಒಲೆಗೆಂದು ಹೊತ್ತು ತರುತ್ತಿದ್ದ. ಮರೆಪ್ಪ ನೋಡಿದ. ಹೋಳಿಯ ದಿನ, ತಲೆಯ ಮೇಲೆ ಬೊಡ್ಡೆ. ಇನ್ನೇನು ಯೋಚಿಸುವುದು? ಡಣ್ ಎಂದು ಬಡಿದೇಬಿಟ್ಟ.

ಜನ ಓಡಿ ಬಂದರು. "ಯಾರೋ ಇದು, ಯಮನೂರ ಏನೋ? ಮುಚ್ಚಿದ ಗಡಗ್ಯಾಗ ಇಷ್ಟು ಇತ್ತೇನೋ ತಮ್ಮಾ!" ಎಂದರು.

"ಇದು ನಮ್ಮದ..." ಎಂದು ಯಮನೂರ ಬಾಯಿ ತೆರೆದ.

"ಹೌದೋ, ಈಗ ನಿಮ್ಮದ!" ಎಂದು ಜನ ಕೂಗಿದರು. ಅವನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡರು. ಬಾಯಿ ಬಡಿದುಕೊಂಡು ಲಬೋ ಲಬೋ ಎಂದು ಕುಣಿದರು. ಚಾವಡಿಯ ಕಟ್ಟೆ ಮೇಲಿನಿಂದ ಊರು ಹೇಗೆ ಕಾಣುತ್ತದೆ ಎಂದು ಅವನಿಗೆ ಗೊತ್ತಿತ್ತು. ಹೆಗಲ ಮೇಲಿನಿಂದ ಹೇಗೆ ಕಾಣುತ್ತದೆ ಎಂದು ಅಂದು ಗೊತ್ತಾಯಿತು. ಗೌಡ ಹೋಳಿಗೆಯನ್ನು ಬಾಯಿಗೆ ಇಟ್ಟ. ಬಾಯಿ ತುಂಬಿದ ಮೇಲೆ ನಿಜ ಹೇಳುವುದಾದರೂ ಹೇಗೆ?

ಕೇಳು. ಅವನು ಕದಿಯದೆ ಕಳ್ಳನಾದ. ಮೊದಲು ಬಹುಮಾನ ಬಂತು, ಕಳ್ಳತನ ಆಮೇಲೆ ಬಂತು.

ಮರುವರ್ಷ ಊರೇ ಅವನ ದಾರಿ ಕಾಯಿತು. ಏನು ತರುತ್ತೀಯೋ, ಎಲ್ಲಿಂದ ತರುತ್ತೀಯೋ ಎಂದು ಹುಣ್ಣಿಮೆಗೆ ತಿಂಗಳಿರುವಾಗಲೇ ಕೇಳತೊಡಗಿದರು. ಅವನಿಗೆ ಕದಿಯುವುದು ಬರುತ್ತಿರಲಿಲ್ಲ. ಅದಕ್ಕೂ ಗುರು ಸಿಕ್ಕ. ಹಿಂದೆ ನಾಲ್ಕು ಸಲ ರುಮಾಲು ಸುತ್ತಿಸಿಕೊಂಡಿದ್ದ ಒಬ್ಬ ಗಾಣಿಗ ಅವನನ್ನು ಕರೆದು ಪಾಠ ಹೇಳಿದ. ಊಟವಾಗಿ ಊರು ಅಡ್ಡಾಗುವ ಹೊತ್ತೇ ಒಳ್ಳೆಯ ಹೊತ್ತು. ನಾಯಿಗೆ ಮೊದಲ ದಿನವೇ ರೊಟ್ಟಿ ಹಾಕಿ ಗುರುತು ಮಾಡಿಕೊಂಡಿರಬೇಕು. ಹೊರೆಯನ್ನು ಎಳೆಯಬಾರದು, ಎತ್ತಬೇಕು. ಯಾರಾದರೂ ಎದುರಾದರೆ ಓಡಬಾರದು, ನಿಂತು ಸುದ್ದಿ ಕೇಳಬೇಕು. ಇಷ್ಟು ಅಕ್ಕರೆಯಿಂದ ಯಾರೂ ಅವನಿಗೆ ಏನನ್ನೂ ಕಲಿಸಿರಲಿಲ್ಲ. ಯಮನೂರ ಒಂದೇ ವಾರದಲ್ಲಿ ಕಲಿತ.

ಆ ವರ್ಷ ಅವನು ಒಂದು ಹಳೆಯ ನೊಗ ತಂದ. ಮರುವರ್ಷ ಗೌಡನ ಬಂಡಿಯ ಮುಂದೆ ಚಾಚಿದ ಉದ್ದ ಮರವನ್ನು, ಮೂಕಿಮರವನ್ನೇ, ಬಿಚ್ಚಿ ತಂದ. ಗೌಡ ತನ್ನ ಬಂಡಿ ಮೂಗು ಕಳೆದುಕೊಂಡು ನಿಂತದ್ದನ್ನು ನೋಡಿದ. ಕಟ್ಟಳೆಯಂತೆ ನಕ್ಕ. "ಭಲೆ ಮಗನ! ನನ್ನ ಅಂಗಳಕ್ಕ ಕೈ ಹಾಕಿದವ ನೀನ ಮೊದಲಿಗ" ಎಂದು ಬೆನ್ನು ತಟ್ಟಿದ. ಹೋಳಿಗೆ ಒಂದಲ್ಲ, ಎರಡು ಸಿಕ್ಕವು.

ಹಬ್ಬ ಐದು ದಿನದ್ದು. ಕೈಗೆ ಆ ಲೆಕ್ಕ ತಿಳಿಯದು. ಆರನೆಯ ದಿನ ಯಮನೂರ ಯಾರದೋ ಮಾಳಿಗೆಯ ಮೇಲಿನಿಂದ ಕುಂಬಳಕಾಯಿ ತಂದ. ಊರು ನಕ್ಕಿತು. "ಯಮನೂರನ ಕೈ ಸುಮ್ಮನ ಕೂಡೂದಿಲ್ಲ ನೋಡ್ರಿ" ಎಂದಿತು. ಒಬ್ಬಳ ಒಳಕಲ್ಲಿನ ಗುಂಡು ಹೋಯಿತು. ಒಬ್ಬನ ಬಾವಿಯ ಗಡಗಡೆ ಹೋಯಿತು. ಆ ಕತೆಗಳನ್ನು ಚಾವಡಿಯಲ್ಲಿ ಅವನ ಬಾಯಿಂದಲೇ ಹೇಳಿಸಿದರು. ಮಾತೇ ಬಾರದವನಿಗೆ ಮಾತು ಬಂತು. ಮಾತಿನ ಹಿಂದೆ ನಾಲ್ಕು ಜನ ಪಡ್ಡೆಗಳು ಬಂದರು. ಗಾಣಿಗ ತನಗೆ ಕಲಿಸಿದ್ದನ್ನು ಅವನು ಅವರಿಗೆ ಕಲಿಸಿದ. ಕಲಿಸುವಾಗ ಅವನೂ ಅಷ್ಟೇ ಅಕ್ಕರೆಯಿಂದ ಕಲಿಸಿದ.

ಆ ಊರಿನಲ್ಲಿ ಕುಂಬಾರರ ನೀಲವ್ವ ಎಂಬ ಮುದುಕಿ ಇದ್ದಳು. ಊರಿನ ಬೇಸಿಗೆಯ ನೀರೆಲ್ಲ ಅವಳ ಹರವಿಗಳಲ್ಲಿ ತಣ್ಣಗಾಗುತ್ತಿತ್ತು. ಹರವಿ ಎಂದರೆ ದೊಡ್ಡ ನೀರಿನ ಮಡಕೆ. ಆ ಬೇಸಿಗೆಯಲ್ಲಿ ಅವಳು ಅರವತ್ತು ಹರವಿ ತಟ್ಟಿ ಒಣಗಿಸಿದ್ದಳು. ಸುಡಲು ಆರು ತಿಂಗಳಿನಿಂದ ಕೂಡಿಸಿದ ಕುಳ್ಳನ್ನು ಹರವಿಗಳ ಮೇಲೆ ಮಳೆ ನುಸುಳದಂತೆ ಒತ್ತಾಗಿ ಒಟ್ಟಿದ್ದಳು. ಮಡಕೆ ಸುಡುವ ಆವಿಗೆಗೆ ನಾಳೆ ಬೆಂಕಿ ಎನ್ನುವ ದಿನ ಅವಳು ಕೆರೆಗೆ ಮಣ್ಣು ತರಲು ಹೋದಳು. ಊರು ಊಟ ಮಾಡಿ ಅಡ್ಡಾಗಿತ್ತು. ಯಮನೂರ ನಾಲ್ವರನ್ನು ಕರೆದುಕೊಂಡು ಬಂದು ಇಡೀ ಒಟ್ಟನ್ನು ಎತ್ತಿಸಿದ.

ಅವನು ಅದನ್ನು ಮಾರಲಿಲ್ಲ. ಮನೆಗೆ ಒಯ್ಯಲಿಲ್ಲ. ಚಾವಡಿಯ ಮುಂದೆ ಗುಡ್ಡೆ ಹಾಕಿ, ಪಕ್ಕದಲ್ಲಿ ನಿಂತು, ಜನ ಬರಲಿ ಎಂದು ಕಾದ. ಹೋಳಿ ಕಳೆದು ತಿಂಗಳಾಗಿತ್ತು.

ಸಂಜೆ ಅಕಾಲದ ಅಡ್ಡಮಳೆ ಬಂತು. ಬಯಲಲ್ಲಿದ್ದ ಕುಳ್ಳು ಸಗಣಿಯಾಯಿತು. ಮೇಲಿನ ಮರೆ ಕಳೆದುಕೊಂಡ ಅರವತ್ತು ಹಸಿ ಹರವಿ ಕರಗಿ ಮಣ್ಣಾಯಿತು.

ಈಗ ಊರಿಗೆ ಸಿಟ್ಟು ಬಂತು. ಕುಂಬಳಕಾಯಿ ಹೋದಾಗ ಬರದ ಸಿಟ್ಟು, ತಮ್ಮ ತಣ್ಣೀರು ಹೋದಾಗ ಬಂತು. ಗೌಡ ಎದ್ದು ನಿಂತು ಹೇಳಿದ: "ಇಂವನ ತಲಿ ಅರ್ಧ ಬೋಳಿಸಿ, ಕೊರಳಿಗೆ ಕೆರ ಹಾಕಿ, ಕತ್ತೆ ಮ್ಯಾಲ ಊರು ತುಂಬ ಮೆರಸ್ರಿ. ನಾಚಿಕಿ ಅಂದ್ರ ಏನು ಅಂತ ಇಂವಗ ತಿಳೀಲಿ."

ಅಗಸರ ಕತ್ತೆ ಬಂತು. ಯಮನೂರನನ್ನು ಹತ್ತಿಸಿದರು. ಹಳೆಯ ಚಪ್ಪಲಿಗಳ ಸರ ಹಾಕಿದರು. ಮುಖಕ್ಕೆ ಸುಣ್ಣದ ಬೊಟ್ಟಿಟ್ಟರು. ಮರೆಪ್ಪನಿಗೆ ಹಲಿಗೆ ಬಡಿಯಲು ಹೇಳಿದರು.

"ಗೌಡ್ರ, ಯಾವ ಬಡಿತ ಬಡೀಲಿ?" ಎಂದ ಮರೆಪ್ಪ.

"ಮರ್ಯಾದಿ ಕಳಿಯೋ ಬಡಿತ."

"ಅದು ನನಗ ಬರೂದಿಲ್ಲರಿ. ನಮ್ಮಪ್ಪ ಕಲಿಸಿಲ್ಲ. ಇಂವನ ಮುಂದ ನಾ ಬಡಿದದ್ದು ಒಂದ ಬಡಿತ."

"ಹಂಗಾದ್ರ ಅದನ್ನ ಬಡಿಯೋ ಮಾರಾಯ. ಸದ್ದಾದ್ರ ಸಾಕು!"

ಮರೆಪ್ಪ ಬಡಿದ. ಮೂರು ವರ್ಷ ರೂಢಿಯಾದ ಬಡಿತ. ಮೊದಲು ಪಡ್ಡೆಗಳ ಕಾಲು ಆಡಿದವು. ಆಮೇಲೆ ಹೆಂಗಸರ ತಲೆ ಆಡಿದವು. ಯಾರೋ ಒಬ್ಬ ಮರೆತು ಲಬೋ ಎಂದ. ಇನ್ನೊಬ್ಬ ಸೇರಿದ. ಕತ್ತೆಯೂ ಒಂದು ಸಲ ಜಿಗಿಯಿತು. ಅರ್ಧ ತಲೆ ಬೋಳಿಸಿಕೊಂಡ ಯಮನೂರ ಕತ್ತೆಯ ಮೇಲೆ ಕೂತು ಎರಡೂ ಕೈ ಮೇಲೆತ್ತಿದ. ಓಣಿ ಓಣಿಯೂ ಕುಣಿಯಿತು. ಚಾವಡಿಗೆ ತಿರುಗಿ ಬಂದಾಗ ಗೌಡನ ಹೆಂಡತಿ ರೂಢಿಯ ಮೇಲೆ ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಏ, ಒಳಗ ಹೋಗ!" ಎಂದು ಗೌಡ ಕಿರುಚಿದ.

ಮಾರನೆಯ ಬೆಳಿಗ್ಗೆ ಮೂವರು ಪಡ್ಡೆಗಳು ತಾವೇ ಚಾವಡಿಗೆ ಬಂದರು. ಒಬ್ಬನ ಕೈಯಲ್ಲಿ ಪಕ್ಕದ ಮನೆಯ ಕೋಳಿ, ಒಬ್ಬನ ಕೈಯಲ್ಲಿ ಪೂಜಾರಿಯ ಗಂಟೆ, ಒಬ್ಬನ ತಲೆಯ ಮೇಲೆ ಅತ್ತೆಯ ಮನೆಯ ಮೊರ. "ನಾವೂ ಕದ್ದೀವ್ರಿ. ನಮ್ಮ ಮೆರವಣಿಗಿ ಯಾವಾಗರಿ?" ಎಂದರು.

ಗೌಡ ತಲೆಯ ಮೇಲೆ ಕೈ ಇಟ್ಟುಕೊಂಡ. ಗೌಡ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಊರು ಅವನನ್ನು ನೋಡಿ ಕಲಿಯುತ್ತಿರಲಿಲ್ಲ. ತನ್ನ ಬುದ್ಧಿಗೆ ಎಟುಕಿದ್ದನ್ನು ಹೇಳಿದ. ಯಮನೂರ ನಾಳೆ ಹೊತ್ತೇರುವುದರೊಳಗೆ ಊರು ಬಿಡಬೇಕು. ಮತ್ತೆ ಈ ಮಣ್ಣು ತುಳಿಯಬಾರದು. ಹೊಲ, ಎತ್ತು, ಮನೆ ಎಲ್ಲ ಇಲ್ಲೇ ಉಳಿಯಬೇಕು.

ಯಮನೂರ ಆಗ ಮೊದಲ ಸಲ ಹೆದರಿದ. ಅವನು ಆ ಊರಿನ ಗುಡ್ಡ ದಾಟಿದವನಲ್ಲ. ಎತ್ತುಗಳಿಗೆ ಅವನ ಕೈಯ ಮೇವು ಬಿಟ್ಟು ಬೇರೆ ಗೊತ್ತಿಲ್ಲ. ಅವನು ಸುತ್ತ ನಿಂತವರ ಮುಖ ನೋಡಿದ. ಹೆಗಲ ಮೇಲೆ ಹೊತ್ತವರೆಲ್ಲ ಅಲ್ಲೇ ಇದ್ದರು. ಎಲ್ಲರೂ ನೆಲ ನೋಡುತ್ತಿದ್ದರು.

ನೀಲವ್ವ ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಅವಳ ಕೈಗಳಲ್ಲಿ ಕರಗಿದ ಹರವಿಯ ಮಣ್ಣು ಇನ್ನೂ ಇತ್ತು.

"ಗೌಡ್ರ, ಹಾಳಾಗಿದ್ದು ನನ್ನ ಹರವಿ. ನ್ಯಾಯ ಹೇಳಾಕ ನನ್ನ ಕೇಳಿದ್ರೇನು?"

"ಏನು ಬೇಕವಾ ನಿನಗ? ಅವನ ಎತ್ತು ಬೇಕ?"

"ಎತ್ತು ತಗೊಂಡು ನಾ ಏನು ಗಡಗಿ ತಟ್ಟಲ್ಯ? ನನಗ ಅವನ ಬೇಕು. ಅರವತ್ತು ಹರವಿ ತಿರುಗಿ ಆಗೂ ತನಕ ಅವ ನನ್ನ ಹಂತೇಲಿ ಕೆಲಸಕ್ಕ ಇರ್ಲಿ. ಮತ್ತ ಅಲ್ಲೀ ತನಕ ಹಲಗಿನೂ ನನ್ನದು. ನಾ ಬಡಿ ಅಂದಲ್ಲಿ ಮರೆಪ್ಪ ಬಡೀಬೇಕು. ನಾ ಬ್ಯಾಡ ಅಂದಲ್ಲಿ ಬಡೀಬಾರ್ದು."

"ಆ ನಡುವ ಅವ ಮತ್ತ ಕದ್ರ?"

"ಒಂದು ಕಡ್ಡಿ ಕದ್ರೂ ಅವನ ಜೋಡಿ ನಾನೂ ಊರು ಬಿಡ್ತೀನಿ. ನೀವು ಬೊಗಸಿಲೆ ನೀರು ಕುಡೀರಿ."

ಜನ ನಕ್ಕರು. ಗೌಡ ನಗಲಿಲ್ಲ. ಮರೆಪ್ಪನ ಕಡೆ ನೋಡಿ, "ಏನೋ, ಒಪ್ಪಿಗಿ ಐತೇನೋ?" ಎಂದ.

"ನನ್ನನ್ಯಾಕ ಕೇಳ್ತೀರಿ? ಬಡಿಯೋವ ನಾನು, ಯಾರ ಮುಂದ ಬಡೀಬೇಕು ಅನ್ನೋರು ನೀವು. ಇಷ್ಟು ವರ್ಷ ಹಂಗ ಅಲ್ಲೇನ್ರಿ?" ಎಂದ ಮರೆಪ್ಪ.

ಗೌಡ ಒಪ್ಪಿದ.

ಮಾರನೆಯ ದಿನ ಯಮನೂರ ಕೆರೆಯಿಂದ ಒಂದು ಬುಟ್ಟಿ ಮಣ್ಣು ಹೊತ್ತು ಊರಬಾಗಿಲಿಗೆ ಬಂದ. ಅಲ್ಲಿ ಮರೆಪ್ಪನೂ ನೀಲವ್ವನೂ ನಿಂತಿದ್ದರು. ನೀಲವ್ವ ತಲೆ ಆಡಿಸಿದಳು. ಡಣ್ ಎಂದಿತು.

ಜನ ಬಿದ್ದಂಬೀಳ ಓಡಿ ಬಂದರು. "ಏನು ಕದ್ದಾನ? ಏನು ಕದ್ದಾನ?"

"ಕದ್ದಿಲ್ಲ, ಮಣ್ಣು ಹೊತ್ತಾನ" ಎಂದಳು ನೀಲವ್ವ.

"ಯಾರ ಮಣ್ಣು?"

"ಕೆರೀ ಮಣ್ಣು."

"ಅದಕ್ಕೂ ಹಲಗಿ ಏನವಾ?"

"ಯಾಕ, ನೀ ಹೊತ್ತೀ ಏನು?"

ಕೇಳಿದವನು ಹಿಂದೆ ಸರಿದ. ಯಮನೂರ ನಾಚಿಕೊಂಡ. ಕತ್ತೆಯ ಮೇಲೆ ಬಾರದ ನಾಚಿಕೆ ಮಣ್ಣಿನ ಬುಟ್ಟಿಯ ಕೆಳಗೆ ಬಂತು. "ಆಯಿ, ಬ್ಯಾಡಬೇ. ಜನ ನಗ್ತಾರ" ಎಂದ.

"ನಗ್ಲಿ ಬಿಡು. ನಕ್ಕು ನಕ್ಕ ನಿನ್ನ ಕಳ್ಳನ್ನ ಮಾಡಿದವರು. ಇನ್ನೊಂದೀಟು ನಕ್ಕು ಕುಂಬಾರನ್ನ ಮಾಡ್ಲಿ."

ಅವಳು ಅವನಿಗೆ ಒಮ್ಮೆಯೂ ಒಳ್ಳೆಯವನಾಗು ಎನ್ನಲಿಲ್ಲ. ಬುದ್ಧಿಮಾತು ಹೇಳಲಿಲ್ಲ. ಹೊರೆ ತಂದಾಗ ಹಲಿಗೆ, ತರದಾಗ ಇಲ್ಲ, ಅಷ್ಟೇ. ನಾಲ್ಕನೆಯ ದಿನಕ್ಕೆ ಯಮನೂರ ಬುಟ್ಟಿಯ ಮೇಲೆ ಮಣ್ಣನ್ನು ಗೋಪುರದಂತೆ ಏರಿಸಿ ತರತೊಡಗಿದ. ಆರನೆಯ ದಿನ ಅವನ ಹಿಂದೆ ಕೋಳಿ ಕದ್ದವನೂ ಗಂಟೆ ಕದ್ದವನೂ ಒಂದೊಂದು ಬುಟ್ಟಿ ಹೊತ್ತು ಬಂದರು. ಕೋಳಿ ಅಷ್ಟರಲ್ಲಿ ತನ್ನ ಮನೆ ಸೇರಿ ಮೊಟ್ಟೆ ಇಟ್ಟಿತ್ತು. ಎಂಟನೆಯ ದಿನ ಮೇಲಿನ ಓಣಿಯ ಒಬ್ಬಳು ತಾನೇ ಬಂದು, "ನೀಲವ್ವಾ, ನಮ್ಮ ಮನ್ಯಾಗ ಎರಡು ಬುಟ್ಟಿ ಕುಳ್ಳು ಅದಾವ. ನಮ್ಮ ಬಾಗಿಲಿಗೂ ಹಲಗಿ ಬರ್ತೈತೇನು?" ಎಂದು ಕೇಳಿದಳು. ಬಂತು. ಅಂದು ಸಂಜೆಯೊಳಗೆ ಆವಿಗೆಯ ಪಕ್ಕ ಕುಳ್ಳಿನ ಹೊಸ ಒಟ್ಟು ನಿಂತಿತು. ಆರು ತಿಂಗಳು ಒಬ್ಬಳೇ ಕೂಡಿಸಿದ್ದಕ್ಕಿಂತ ಅದು ದೊಡ್ಡದಿತ್ತು.

ಆದರೆ ಕೈ ಬೇಗ ಮರೆಯುವುದಿಲ್ಲ. ಹರವಿಗಳೆಲ್ಲ ಆಗಿ, ಒಣಗಿ, ಆವಿಗೆಗೆ ಒಂದೇ ದಿನ ಉಳಿದಿತ್ತು. ಅಂದು ಮಧ್ಯಾಹ್ನ ಯಮನೂರ ಗೌಡನ ಅಂಗಳದ ಮುಂದೆ ಬರುತ್ತಿದ್ದ. ಅಲ್ಲಿ ಹೊಸ ಮೂಕಿಮರವನ್ನು ಗೋಡೆಗೆ ಒರಗಿಸಿದ್ದರು. ಊರು ಅಡ್ಡಾಗಿತ್ತು. ನಾಯಿ ಅವನ ಗುರುತಿನದು. ಅವನ ಕೈ ಹೋಯಿತು. ಎಳೆಯಲಿಲ್ಲ, ಎತ್ತಿದ. ಹೆಗಲ ಮೇಲೆ ಇಟ್ಟುಕೊಂಡು ಓಣಿಯ ನಡುವೆ ಬಂದು ನಿಂತ.

ಮೊದಲು ನೋಡಿದವನು ಮರೆಪ್ಪ. ಅವನ ಕೈಯೂ ರೂಢಿಯ ಮೇಲೆ ಹಲಿಗೆಗೆ ಹೋಯಿತು. ಪಕ್ಕದಲ್ಲಿದ್ದ ನೀಲವ್ವ ಮರೆಪ್ಪನನ್ನು ನೋಡಿದಳು. ಅವನು ಕೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ಒಂದೊಂದೇ ಬಾಗಿಲು ತೆರೆಯಿತು. ಜನ ಹೊರಗೆ ಬಂದರು. ಇಂದು ನಕ್ಕರೆ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಒಬ್ಬಳು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಗಾಣಿಗ ಗೋಡೆಯ ಕಡೆ ತಿರುಗಿ ನಿಂತ. ಅವನ ಭುಜ ಕುಣಿಯುತ್ತಿತ್ತು, ಆದರೆ ಸದ್ದು ಹೊರಡಲಿಲ್ಲ. ಇಡೀ ಊರು ಸುಮ್ಮನೆ ನಿಲ್ಲುವುದನ್ನು ಆ ಊರು ಅಂದೇ ಕಲಿತದ್ದು.

ಯಮನೂರ ಕಾದ. ಮೂಕಿಮರ ಭಾರವಾಗತೊಡಗಿತು. ಅದು ಮೊದಲೂ ಅಷ್ಟೇ ಭಾರವಿತ್ತು. ಹಲಿಗೆ ಬಡಿಯುವಾಗ ಭಾರ ತಿಳಿಯುವುದಿಲ್ಲ. ಅವನು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ನೀಲವ್ವ ಆಗಲೇ ಮನೆಯಿಂದ ತನ್ನ ಸೀರೆಯ ಗಂಟನ್ನು ತಂದು ಕಂಕುಳಲ್ಲಿ ಇಟ್ಟುಕೊಂಡು ಹೊರಡಲು ಸಿದ್ಧವಾದವಳಂತೆ ನಿಂತಿದ್ದಳು. ಅದನ್ನು ನೋಡಿ ಅವನ ಮುಖ ಇಳಿಯಿತು. ತಿರುಗಿದ. ಗೌಡನ ಅಂಗಳಕ್ಕೆ ಹೋದ. ಮೂಕಿಮರವನ್ನು ಮೊದಲಿದ್ದಲ್ಲೇ ಗೋಡೆಗೆ ಒರಗಿಸಿದ. ಬರಿಗೈಯಲ್ಲಿ ಹೊರಗೆ ಬಂದ.

"ಈಗ ಬಡಿ" ಎಂದಳು ನೀಲವ್ವ.

ಮರೆಪ್ಪ ಬಡಿದ. ಬರಿಗೈಯವನ ಮುಂದೆ ಆ ಊರಿನಲ್ಲಿ ಹಲಿಗೆ ಬಡಿದದ್ದು ಅದೇ ಮೊದಲು. ತಡೆದಿಟ್ಟ ನಗುವೆಲ್ಲ ಒಟ್ಟಿಗೆ ಹೊರಬಿತ್ತು. ಗಾಣಿಗ ನಕ್ಕು ನಕ್ಕು ಕೆಳಗೆ ಕೂತುಬಿಟ್ಟ. ಯಮನೂರ ಅಳುತ್ತಿದ್ದ, ನಗುತ್ತಲೂ ಇದ್ದ.

ಪೂಜಾರಿ ಮಾತ್ರ ಗೌಡನ ಬಳಿ ಬಂದು, "ಮಾತು ಮಾತೇ ಅಲ್ಲೇನ್ರಿ? ಒಂದು ಕಡ್ಡಿ ಕದ್ರೂ ಹೋಗಬೇಕು ಅಂದಿದ್ಳು. ಇದು ಕಡ್ಡಿ ಅಲ್ಲ, ಮೂಕಿಮರ" ಎಂದ.

ಗೌಡ ತನ್ನ ಅಂಗಳಕ್ಕೆ ಹೋಗಿ ನೋಡಿ ಬಂದ. "ನನ್ನ ಮೂಕಿಮರ ನನ್ನ ಗ್ವಾಡಿಗೆ ಐತಿ. ಕದ್ದವರು ಯಾರು?" ಎಂದ. ಎಲ್ಲರಿಗಿಂತ ದೊಡ್ಡದಾಗಿ ನಕ್ಕವನೂ ಅವನೇ. ಆ ನಗು ಕಟ್ಟಳೆಯದಲ್ಲ.

ಆವಿಗೆ ಉರಿಯಿತು. ಅರವತ್ತು ಹರವಿ ಕೆಂಪಗೆ ಹೊರಬಂದವು. ಬೆರಳಲ್ಲಿ ತಟ್ಟಿದರೆ ಗಂಟೆಯಂತೆ ಸದ್ದು ಮಾಡುತ್ತಿದ್ದವು. ಯಮನೂರ ಊರು ಬಿಡಲಿಲ್ಲ. ನಸುಕಿನಲ್ಲಿ ಹೊಲ, ಮಧ್ಯಾಹ್ನ ಮಣ್ಣು ಎಂದು ಎರಡೂ ಕೆಲಸ ಹಿಡಿದ.

ಮುಂದಿನ ಹೋಳಿಗೆ ಎರಡು ಓಣಿಯವರೂ ಸೇರಿ ಮನೆಮನೆಯಿಂದ ಕೇಳಿ ತಂದ ಕಟ್ಟಿಗೆಯನ್ನು ಒಂದೇ ಕಡೆ ಒಟ್ಟಿದರು. ಕೊಟ್ಟವರ ಬಾಗಿಲಲ್ಲಿ ಮರೆಪ್ಪ ಬಡಿದು ಬಡಿದು ಹಲಿಗೆಯ ಚರ್ಮವೇ ಸಡಿಲವಾಯಿತು. ಗುಡ್ಡೆ ಚಾವಡಿಯ ಮಾಳಿಗೆಗಿಂತ ಎತ್ತರ ಬೆಳೆಯಿತು. ಆದರೂ ಎಲ್ಲರಿಗೂ ಒಂದೇ ಅಂಜಿಕೆ. ಕೊಟ್ಟ ಕಟ್ಟಿಗೆ ಹೊತ್ತಿಕೊಳ್ಳದಿದ್ದರೆ? ಗೌಡ ಬೆಂಕಿ ಇಟ್ಟ. ಕಾಮಣ್ಣ ಭಗ್ಗೆಂದ. ಗೌಡನ ಮೀಸೆಯ ತುದಿ ಸುಟ್ಟಿತು. ಊರು ಲಬೋ ಲಬೋ ಎಂದು ಕುಣಿಯಿತು. ಆ ಬೆಂಕಿಯಲ್ಲಿ ಹುರಿದ ಕಡಲೆಯನ್ನು ಎಲ್ಲರೂ ಹಂಚಿಕೊಂಡು ತಿಂದರು.

ಗುರು ಕತೆ ನಿಲ್ಲಿಸಿದರು. ಶಿಷ್ಯ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದ. ಕಣ್ಣು ಒರೆಸಿಕೊಂಡು ಕೇಳಿದ: "ಯಮನೂರ ಉಳಿದುಕೊಂಡ, ಸಂತೋಷ. ಆದರೆ ಅವನನ್ನು ಕಳ್ಳನನ್ನಾಗಿ ಮಾಡಿದವರಿಗೆ ಏನು ಶಿಕ್ಷೆಯಾಯಿತು, ಗುರುಗಳೇ?"

ಗುರು ಒಂದೇ ಮಾತು ಹೇಳಿದರು.

"ಏನೂ ಆಗಲಿಲ್ಲ ಮಗು; ಅವರನ್ನೆಲ್ಲ ಕಟ್ಟಿಹಾಕುವಷ್ಟು ಉದ್ದದ ಹಗ್ಗವನ್ನು ಯಾವ ಊರೂ ಇನ್ನೂ ಹೊಸೆದಿಲ್ಲ."